ಏರಿದ ಸಂಬಳದ ಅರ್ಧ

"ಈ ಸಲ ಜಾಸ್ತಿ ಆಗಿರೋ ಸಂಬಳ ಪೂರ್ತಿ ಕೈಗೇ ಕೊಟ್ಬಿಡಿ, ಮೇಡಂ. ನಿವೃತ್ತಿ ಫಂಡಿಗೆ ಏನೂ ಸೇರಿಸ್ಬೇಡಿ."

ಅಕೌಂಟ್ಸ್ ನೋಡಿಕೊಳ್ಳುವವಳು ತಲೆ ಎತ್ತಿದಳು. ಕನ್ನಡಕದ ಗಾಜು ಉಜ್ಜುವ ಆ ವರ್ಕ್‌ಶಾಪಿನಲ್ಲಿ ಬೇರೆ ಯಾರು ಹೀಗೆ ಹೇಳಿದ್ದರೂ ಅವಳಿಗೆ ಆಶ್ಚರ್ಯವಾಗುತ್ತಿರಲಿಲ್ಲ.

ಇವನು ಪ್ರತಿ ವರ್ಷ ಸಂಬಳ ಏರಿದಾಗಲೂ ಏರಿದ್ದರಲ್ಲಿ ಅರ್ಧವನ್ನು ಫಂಡಿಗೆ ಹಾಕಿಸುವವನು. "ಕೈಗೆ ಬಂದು ರುಚಿ ಹತ್ತೋ ಮೊದಲೇ ಎತ್ತಿಟ್ಬಿಡಿ" ಎನ್ನುವವನು. ಮೂವತ್ತೈದೂ ತುಂಬದ ಅವನನ್ನು ಎಲ್ಲರೂ 'ತಾತ' ಎಂದೇ ಕರೆಯುತ್ತಿದ್ದರು. ಅವನೂ ನಗುತ್ತಲೇ ಓಗೊಡುತ್ತಿದ್ದ. ಅವನ ದೊಡ್ಡಮ್ಮ ಎಪ್ಪತ್ತು ದಾಟಿದ ಮೇಲೂ ಊದಿದ ಕಾಲಿನಲ್ಲಿ ನಿಂತು ಊರವರ ಬಟ್ಟೆ ಇಸ್ತ್ರಿ ಮಾಡುತ್ತಿದ್ದರಂತೆ. ಅದನ್ನು ಅವಳೊಬ್ಬಳಿಗೆ ಮಾತ್ರ ಹೇಳಿದ್ದ.

"ಯಾಕೆ, ದೊಡ್ಡ ಖರ್ಚೇನಾದ್ರೂ ಬಂತಾ?"

"ಮನೆ ಬದಲಾಯಿಸ್ಬೇಕು." ಅವನ ಕಿವಿ ಕೆಂಪಾಯಿತು. "ಒಂದೇ ಕೋಣೆ ಸಾಲಲ್ಲ. ಇನ್ನು ಒಬ್ಬನೇ ಇರೋದು ಬೇಡ ಅಂದ್ಕೊಂಡಿದೀನಿ."

"ಒಳ್ಳೇದಾಗ್ಲಿ" ಎಂದಳು. ಮುಂದಿದ್ದ ಲೆಕ್ಕ ಕೂಡಿದಳು, ತಪ್ಪಾಯಿತು, ಮತ್ತೆ ಕೂಡಿದಳು.

ಸಂಜೆ ಎಲ್ಲರೂ ಹೊರಟ ಮೇಲೆ ಅವನು ಪುಟ್ಟ ಸ್ಕ್ರೂಡ್ರೈವರ್ ಹಿಡಿದು ಬಂದ. "ಬೆಳಗ್ಗೆಯಿಂದ ನಿಮ್ಮ ಕನ್ನಡಕ ಜಾರ್ತಾನೇ ಇದೆ. ಕೊಡಿ ಇಲ್ಲಿ."

ಕೊಟ್ಟಳು. ಕನ್ನಡಕವಿಲ್ಲದ ಅವಳಿಗೆ ಅವನೊಂದು ನೀಲಿ ಅಂಗಿಯ ಮಬ್ಬು ಅಷ್ಟೇ.

"ಮನೆ ನೋಡೋಕೆ ಹೋಗುವಾಗ ಮದುವೆ ಆಗೋರನ್ನೂ ಕರ್ಕೊಂಡು ಹೋಗಿ," ಎಂದಳು, ಆದಷ್ಟು ಹಗುರವಾಗಿ. "ಅಡುಗೆಮನೆ ಹೇಗಿದೆ ಅಂತ ನಿಮಗೆಲ್ಲಿ ಗೊತ್ತಾಗುತ್ತೆ?"

"ಅದಕ್ಕೇ ಕೇಳೋಣ ಅಂತ. ನಿಮಗೆ ಯಾವತ್ತು ಬಿಡುವು?"

"ನಾನ್ಯಾಕೆ?"

"ಇರೋರು ನೋಡೋದು ಬೇಡ್ವಾ?"

ನೀಲಿ ಮಬ್ಬು ಚಡಪಡಿಸಿತು.

"ಕನ್ನಡಕ ಹಾಕ್ಕೊಂಡು ನೀವು ನನ್ನನ್ನೇ ನೋಡ್ತಿದ್ರೆ ನನಗೆ ಮಾತೇ ಹೊರಡಲ್ಲ. ಅದಕ್ಕೆ ಈಗ ಹೇಳ್ತಿದೀನಿ. ಮನಸ್ಸಿಲ್ಲ ಅಂದ್ರೆ ಹೇಳ್ಬಿಡಿ, ಬೇಜಾರಿಲ್ಲ."

"ಬೇಜಾರಿಲ್ವಾ?"

"ಇದೆ. ತುಂಬಾ ಇದೆ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. "ಮನಸ್ಸಿದೆ. ಆದ್ರೆ ದೊಡ್ಡ ಮನೆ ಬೇಡ."

"ಅಂದ್ರೆ?"

"ಇಷ್ಟು ವರ್ಷದ ಅಭ್ಯಾಸನ ನನಗೋಸ್ಕರ ಮುರೀತೀರಾ? ಅರ್ಧ ಫಂಡಿಗೇ ಹೋಗ್ಲಿ. ನನ್ನದು ಏರಿದ್ರಲ್ಲೂ ಅರ್ಧ ಹಾಕ್ತೀನಿ. ಇಬ್ಬರದ್ದೂ ಉಳಿದಿದ್ರಲ್ಲಿ ಎಂಥ ಮನೆ ಸಿಗುತ್ತೋ ಅಂಥದ್ದು ಸಾಕು."

"ಚಿಕ್ಕದಾಗಿರುತ್ತೆ."

"ಇರ್ಲಿ. ವಯಸ್ಸಾದ್ಮೇಲೆ ನೀವು ಯಾರ ಹಂಗೂ ಇಲ್ದೆ ಮಧ್ಯಾಹ್ನ ಗೊರಕೆ ಹೊಡೀಬೇಕು. ಪಕ್ಕದಲ್ಲಿ ಕೂತು ಬೈಯೋಕೆ ನಾನಿರ್ಬೇಕು. ನನಗೆ ಅದು ಮುಖ್ಯ."

ಅವನು ಗಾಜುಗಳನ್ನು ಅಂಗಿಯ ಅಂಚಿನಿಂದ ಮೆಲ್ಲಗೆ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. ಆಮೇಲೆ ಬಾಗಿ, ಅವಳ ಕಿವಿಯ ಮೇಲಿನ ಕೂದಲು ಸಿಕ್ಕದಂತೆ ಸರಿಸಿ, ತಾನೇ ತೊಡಿಸಿದ.

ಅವನ ಮುಖ ಒಮ್ಮೆಲೇ ಅಷ್ಟು ಹತ್ತಿರದಲ್ಲಿ, ಅಷ್ಟು ಸ್ಪಷ್ಟವಾಗಿ ಕಂಡಿತು. ಈ ಸಲ ಕಣ್ಣು ತಪ್ಪಿಸಿದ್ದು ಅವಳು.

"ಭಾನುವಾರ ಅಮ್ಮ ಮನೇಲಿರ್ತಾರೆ," ಎಂದಳು ಕೊನೆಗೆ, ಅವನ ಅಂಗಿಯ ಗುಂಡಿ ನೋಡುತ್ತಾ. "ಬಂದು ಕೇಳಿ. ಎಲ್ಲಾನೂ ನನ್ನ ಹತ್ರಾನೇ ಕೇಳಿದ್ರೆ ಹೇಗೆ?"