ಮೂರನೆಯ ಮಾತು

ಉದ್ದನೆಯ ಮೇಜಿನ ಮೇಲೆ ಹನ್ನೊಂದು ಫೋನುಗಳು ಅಂಗಾತ ಮಲಗಿದ್ದವು. ಎಲ್ಲವೂ ಆರಿದ್ದವು, ಮಧ್ಯಾಹ್ನದ ಬಿಸಿಲು ಅವುಗಳ ಕಪ್ಪು ಗಾಜಿನ ಮೇಲೆ ಕದಲದೆ ನಿಂತಿತ್ತು.

ನನ್ನ ತಂಗಿಯ ಮಗಳು ಮೂರು ವರ್ಷ ಬೆವರು ಸುರಿಸಿ ಕಟ್ಟಿದ ಸಂದೇಶ ಸೇವೆ ಮರುದಿನ ಜನರಿಗೆ ತೆರೆಯಬೇಕಿತ್ತು. ಅಲ್ಲಿಯವರೆಗೆ ಅದು ಇದ್ದದ್ದು ಈ ಹನ್ನೊಂದು ಫೋನುಗಳಲ್ಲಿ ಮಾತ್ರ. ಆದರೂ ಫೋನಿಗೊಂದು ಸಾಲಿದ್ದ ಗೋಡೆಯ ಪರದೆಯಲ್ಲಿ ಹೆಸರಿಲ್ಲದ ಹನ್ನೆರಡನೆಯ ಸಾಲೊಂದು ‘ಬರೆಯುತ್ತಿದ್ದಾರೆ’ ಎನ್ನುತ್ತಿತ್ತು.

“ಮಾವ, ಕವಿತೆ ಗಿವಿತೆ ಅಂತ ನೀವೇ ಏನೋ ಕುಟ್ತಾ ಇಲ್ಲ ತಾನೆ?”

“ನನ್ನ ಫೋನೂ ಅಲ್ಲೇ ಆರಿಕೊಂಡು ಬಿದ್ದಿದೆಯಲ್ಲಮ್ಮಾ.”

ಅವಳ ನಗು ಅರ್ಧಕ್ಕೇ ನಿಂತಿತು. “ನಾಳೆ ಜನ ತಮ್ಮ ಗುಟ್ಟನ್ನೆಲ್ಲ ಇದರಲ್ಲೇ ಬರೀತಾರೆ. ಒಳಗೆ ಯಾರಿದಾರೆ ಅಂತ ಗೊತ್ತಿಲ್ಲದೆ ಹೇಗೆ ತೆರೀಲಿ?”

ಮೇಜಿನ ಆ ತುದಿಯಲ್ಲಿ ಬೆರಳು ಗಾಜನ್ನು ತಟ್ಟುವ ಸಣ್ಣ ಸದ್ದಾಗುತ್ತಿತ್ತು. ಎದ್ದು ಹೋಗಿ ಅಲ್ಲಿನ ಖಾಲಿ ಕುರ್ಚಿಯನ್ನು ಮುಟ್ಟಿದೆ. ಬೆಚ್ಚಗಿತ್ತು.

“ಯಾರು ನೀವು?” ಎಂದು ಅವಳು ಕುರ್ಚಿಯನ್ನೇ ಕೇಳಿದಳು.

ಸದ್ದು ನಿಂತಿತು. ಪರದೆಯ ಸಾಲು ‘ಹೊರಟಿದ್ದಾರೆ’ ಎಂದು ಬದಲಾಯಿತು. ಆ ಸೇವೆಯ ಪರದೆಯಲ್ಲಿ ಮೂಡುವ ಮಾತುಗಳನ್ನು ಬರೆದುಕೊಟ್ಟವನು ನಾನು. ಕೊಟ್ಟದ್ದು ಎರಡೇ: ‘ಬರೆಯುತ್ತಿದ್ದಾರೆ’, ‘ಕಳಿಸಿದ್ದಾರೆ’. ಈ ಮೂರನೆಯದನ್ನು ನಾನು ಬರೆದಿರಲಿಲ್ಲ, ಅವಳೂ ಸೇರಿಸಿರಲಿಲ್ಲ.

ನಾವಿಬ್ಬರೂ ನಿಂತಲ್ಲೇ ನಿಂತಿರುವಾಗಲೇ, ಗಾಜಿನ ಬಾಗಿಲು ಒಬ್ಬರು ದಾಟುವಷ್ಟು ತೆರೆದುಕೊಂಡು, ಮೆಲ್ಲಗೆ ಮುಚ್ಚಿಕೊಂಡಿತು.