ಅಶ್ಮಿತಾಳ ಗೇಟಿನೆದುರು ದಿಬ್ಬಣದ ಬಸ್ಸು

"ಹಲೋ, ಬಸ್ಸಿನವರೇ! ಇದು ಯಾರ ಅಪ್ಪನ ರಸ್ತೆ?"

ಅಶ್ಮಿತಾ ಕೂಗಿದ ಕೂಗಿಗೆ ಕಾವೂರು ಕೆರೆಯ ಮೀನುಗಳೆಲ್ಲ ಒಮ್ಮೆ ತಳಕ್ಕೆ ಹೋಗಿ ಮೇಲೆ ಬಂದವು. ಉತ್ಪ್ರೇಕ್ಷೆ ಅಲ್ಲ. ನೇತ್ರಾವತಿಯಿಂದ ಫಲ್ಗುಣಿಯವರೆಗೆ ಹುಡುಕಿದರೂ ನನ್ನಷ್ಟು ಅಳೆದು ತೂಗಿ ಕಥೆ ಹೇಳುವವರು ನಿಮಗೆ ಸಿಗಲಾರರು.

ಬಸ್ಸಿನ ಮೆಟ್ಟಿಲ ಮೇಲೆ ನಿಂತು ಗಾಜು ಒರೆಸುತ್ತಿದ್ದ ರೂಪೇಶ್ ತಿರುಗಿ ನೋಡಿದ. ಎದುರಿಗೆ ರೇಷ್ಮೆ ಸೀರೆ, ಮಲ್ಲಿಗೆ, ಕೆಂಡದಂಥ ಎರಡು ಕಣ್ಣು.

"ಎಂತಾಯ್ತು ಮಾರಾಯ್ರೆ?"

"ಎಂತಾಯ್ತಾ? ನನ್ನನ್ನು ನೋಡ್ಲಿಕ್ಕೆ ಬಂದವರು ನಿಮ್ಮ ಬಸ್ಸನ್ನು ನೋಡಿ ವಾಪಸ್ ಹೋದ್ರು! ಅದಾಯ್ತು!"

ನಿಜವಾಗಿ ಆದದ್ದು ಅದೇ. ರೂಪೇಶನದು ಟೂರಿಸ್ಟ್ ಬಸ್ಸು. ಮೂತಿ ಕಾವೂರಿನಲ್ಲಿದ್ದರೆ ಬಾಲ ಕೂಳೂರಿನಲ್ಲಿ, ಅಷ್ಟು ಉದ್ದ. ಆ ವಾರವಷ್ಟೇ ಅವನು ಎದುರುಮನೆಯ ಗ್ಲ್ಯಾಡಿಸ್ ಬಾಯಮ್ಮನ ಕೆಳಗಿನ ಕೋಣೆಗೆ ಬಾಡಿಗೆಗೆ ಬಂದಿದ್ದ. ಬಸ್ಸನ್ನು ಅಶ್ಮಿತಾಳ ಗೇಟಿನೆದುರು ನಿಲ್ಲಿಸಿದ್ದ. ಆ ಭಾನುವಾರ ಬಿಜೈಯಿಂದ ಒಂದು ಮದುವೆಯ ದಿಬ್ಬಣ ಕರೆದೊಯ್ಯುವುದಿತ್ತು. ಹಾಗಾಗಿ ಬಸ್ಸಿನ ಹಣೆಗೆ ಹೂವಿನ ಮಾಲೆ, ಕನ್ನಡಿಗಳಿಗೆ ಮಾವಿನೆಲೆ, ಗಾಜಿನ ಮೇಲೆ 'ದಿಬ್ಬಣ' ಎಂಬ ಚೀಟಿ.

ನಮ್ಮೂರಿನಲ್ಲಿ ಹೂ ಮುಡಿದ ಬಸ್ಸು ಒಂದು ಮನೆಯೆದುರು ನಿಂತರೆ ಅರ್ಥ ಒಂದೇ. ಮೂಲ್ಕಿಯಿಂದ ಕಾರಿನಲ್ಲಿ ಬಂದ ಹುಡುಗನ ದೊಡ್ಡಮ್ಮ ಇಳಿಯಲೇ ಇಲ್ಲ.

"ಹುಡುಗಿಗೆ ಬೇರೆ ಕಡೆ ಮದುವೆ ಗಟ್ಟಿಯಾಗಿ ದಿಬ್ಬಣವೇ ಹೊರಟಿದೆ! ನಮ್ಮನ್ನು ಮಂಗ ಮಾಡ್ಲಿಕ್ಕೆ ಕರೆದದ್ದಾ? ಗಾಡಿ ತಿರುಗಿಸು!"

ಅಶ್ಮಿತಾಳ ಅಮ್ಮ ದೇಯಿ ಫೋನಿನಲ್ಲಿ ಎಷ್ಟು ಬಿಡಿಸಿ ಹೇಳಿದರೂ ಉಪಯೋಗವಾಗಲಿಲ್ಲ. "ನಾವು ಕಾಲಿಡುವ ಮೊದಲೇ ದಿಬ್ಬಣ ಹೊರಟ ಮನೆ. ಶಕುನ ಸರಿ ಇಲ್ಲ, ಬೇಡ," ಎಂದರು ಆ ದೊಡ್ಡಮ್ಮ.

"ಸಾರಿ ಮಾರಾಯ್ರೆ, ನನಗೆ ಗೊತ್ತಿರಲಿಲ್ಲ. ಬೇಕಾದ್ರೆ ನಾನೇ ಮೂಲ್ಕಿಗೆ ಹೋಗಿ ಹೇಳ್ತೇನೆ," ಎಂದ ರೂಪೇಶ್.

"ಹೇಗೆ ಹೋಗ್ತೀರಿ? ಇದೇ ಬಸ್ಸಿನಲ್ಲಾ? ಹೂ ಮುಡಿಸಿಕೊಂಡು?"

ಅವನಿಗೆ ನಗು ಬಂತು. ತಡೆದ. ತಡೆದದ್ದು ಅವಳಿಗೆ ಕಂಡಿತು. ಹುಡುಗ ಹೋದದ್ದಕ್ಕೆ ಅವಳಿಗೆ ಸಾಸಿವೆಯಷ್ಟೂ ಬೇಸರವಿರಲಿಲ್ಲ. ಅವಳು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳು. 'ಮದುವೆಯ ನಂತರ ಈ ಕೆಲಸ ಬಿಡಬೇಕಾಗ್ತದೆ' ಎಂದು ಆ ಹುಡುಗ ಮೊದಲೇ ಮೆಸೇಜ್ ಹಾಕಿದ್ದ. ಆದರೆ ಇಡೀ ಓಣಿಯ ಎದುರು ಮರ್ಯಾದೆ ಹೋಯಿತಲ್ಲ!

ಅಲ್ಲಿಯೇ ನಿಂತು, ಮಾಲೆ ಹಾಕಿದ ಬಸ್ಸಿನ ಫೋಟೋ ತೆಗೆದು, ದೂರು ಬರೆದು ಟ್ರಾಫಿಕ್‌ನವರ ನಂಬರಿಗೆ ಕಳುಹಿಸಿಬಿಟ್ಟಳು.

ಉತ್ತರ ಬರಲಿಲ್ಲ. ಅವಳೂ ಮರೆತಳು.

ಆದರೆ ಓಣಿ ಮರೆಯಲಿಲ್ಲ. ಕಸದ ಗಾಡಿ ಒಳಗೆ ಬರಲಾಗದೆ ಓಣಿಯ ಬಾಯಲ್ಲೇ ನಿಂತು ಹಾಡು ಹಾಕತೊಡಗಿತು. ಗ್ಯಾಸ್ ಸಿಲಿಂಡರನ್ನು ಉರುಳಿಸಿಕೊಂಡು ತರಬೇಕಾಯಿತು. ಅಶ್ಮಿತಾಳ ಅಪ್ಪ ಜಯಣ್ಣ ಗೇಟಿನೆದುರು ರಸ್ತೆಯಲ್ಲಿ ಸಾಲಾಗಿ ಹೂಕುಂಡಗಳನ್ನು ಇಟ್ಟರು.

"ಇನ್ನು ನಿಲ್ಲಿಸಲಿ, ನೋಡುವ!"

ರೂಪೇಶ್ ನಿಲ್ಲಿಸಿದ. ಪ್ರತಿ ಸಂಜೆ ಕುಂಡಗಳನ್ನು ಒಂದೊಂದಾಗಿ ಎತ್ತಿ ಜಗಲಿಗೆ ಸರಿಸಿಟ್ಟು, ಬಸ್ಸು ತೊಳೆದು ಉಳಿದ ನೀರನ್ನು ಅವಕ್ಕೇ ಹಾಕಿದ. ತಿಂಗಳೊಳಗೆ ಜಯಣ್ಣನ ದಾಸವಾಳ ಮನೆಯ ಮಾಡಿನಷ್ಟು ಎತ್ತರ ಬೆಳೆಯಿತು.

"ಹೂ ಬಿಟ್ಟದ್ದು ಅವನ ನೀರಿಗೆ ಅಲ್ಲ, ನನ್ನ ಗೊಬ್ಬರಕ್ಕೆ," ಎಂದರು ಜಯಣ್ಣ.

"ಹೌದೌದು," ಎಂದರು ದೇಯಿ.

ಒಂದು ಬೆಳಿಗ್ಗೆ ಅಶ್ಮಿತಾ ಕಾರು ಹೊರಡಿಸಲು ಬಂದರೆ ಬಸ್ಸು ರಿವರ್ಸಿನಲ್ಲಿ ಹಿಂದಕ್ಕೆ ಬರುತ್ತಿತ್ತು. ಓಣಿಯಲ್ಲಿ ತಿರುಗಿಸಲು ಜಾಗವಿಲ್ಲ. ಮುಖ್ಯ ರಸ್ತೆಯವರೆಗೂ ಹಿಂದಕ್ಕೇ ಹೋಗಬೇಕು. ಕ್ಲೀನರ್ ಹತ್ತುವುದು ಬಿಜೈಯಲ್ಲಿ. ಹಿಂದೆ ನಿಂತು ದಾರಿ ಹೇಳುವವರಿಲ್ಲ. ಬಸ್ಸಿನ ಬಾಲ ಜಯಣ್ಣನ ಕೆಂಪುಕಲ್ಲಿನ ಗೋಡೆಗೆ ಕೂದಲೆಳೆಯಷ್ಟು ಹತ್ತಿರ...

ತಪ್ಪು ರಿವರ್ಸ್ ನೋಡಿ ಸುಮ್ಮನಿರುವುದು ಅವಳ ರಕ್ತದಲ್ಲೇ ಇಲ್ಲ!

"ಹೋಲ್ಡಾನ್!" ಎಂದು ಹಿಂದಿನ ತಗಡಿಗೆ ಬಡಿದಳು. "ಇನ್ನು ಒಂದು ಗೇಣು ಬಂದ್ರೆ ನಮ್ಮ ಗೋಡೆ ಪಣಂಬೂರು ಬೀಚಿನಲ್ಲಿ! ಸ್ಟೇರಿಂಗ್ ಬಲಕ್ಕೆ. ಇನ್ನೂ. ಬರಲಿ... ಬರಲಿ..."

ಬಸ್ಸು ಬಂತು. ಬೆಣ್ಣೆಯಿಂದ ಕೂದಲೆಳೆದ ಹಾಗೆ ಬಂತು.

ಮುಖ್ಯ ರಸ್ತೆಯಲ್ಲಿ ರೂಪೇಶ್ ತಲೆ ಹೊರಹಾಕಿದ. "ದೋಹಾದಲ್ಲಿ ಆರು ವರ್ಷ ಬಸ್ ಓಡಿಸಿದ್ದೇನೆ. ಇಷ್ಟು ಚೆಂದ ಯಾರೂ ಹೇಳ್ಲಿಲ್ಲ."

"ಅಲ್ಲಿ ರಸ್ತೆ ಅಗಲ ಉಂಟು. ಇಲ್ಲಿ ನಿಮ್ಮ ಮನಸ್ಸು ಅಗಲ ಬೇಕು, ರೂಪೇಶಣ್ಣ."

ಮರುದಿನವೂ ಅವಳು ನಿಂತಳು. ಅದರ ಮರುದಿನವೂ.

ಬಸ್ಸನ್ನು ಹಿಂದೆ ತೆಗೆಯುವುದೆಂದರೆ ವಿಚಿತ್ರ ನಂಬಿಕೆ. ಚಾಲಕನಿಗೆ ಹಿಂದಿನದು ಏನೂ ಕಾಣುವುದಿಲ್ಲ. ಕನ್ನಡಿಯ ಮೂಲೆಯಲ್ಲಿ ಒಂದು ಕೈ ಕಾಣುತ್ತದೆ. ಆ ಕೈ ಬಾ ಎಂದರೆ ಬರಬೇಕು, ನಿಲ್ಲು ಎಂದರೆ ನಿಲ್ಲಬೇಕು. 'ಇವರು ಗೋಡೆಯನ್ನೇ ನೋಡುವುದಿಲ್ಲ... ನನ್ನ ಕೈಯನ್ನು ಮಾತ್ರ ನೋಡ್ತಾರೆ,' ಎಂದುಕೊಂಡ ದಿನ ಅಶ್ಮಿತಾಳ ಎದೆ ಡೀಸೆಲ್ ಇಂಜಿನಿಗಿಂತ ಜೋರಾಗಿ ಹೊಡೆದುಕೊಂಡಿತು.

"ಬಸ್ಸನ್ನು ಬೇರೆಲ್ಲಾದರೂ ಇಡಬಹುದಲ್ಲ?" ಒಮ್ಮೆ ಕೇಳಿದಳು.

"ಮೊದಲು ಒಂದು ಬಯಲಿನಲ್ಲಿ ಇಡ್ತಿದ್ದೆ. ಒಂದು ಬೆಳಿಗ್ಗೆ ಬಂದು ನೋಡಿದ್ರೆ ಎರಡೂ ಬ್ಯಾಟರಿ ಇಲ್ಲ. ಆಮೇಲೆ ಕಿಟಕಿಯಿಂದ ಬಸ್ ಕಾಣದಿದ್ರೆ ನಿದ್ರೆಯೇ ಬರುವುದಿಲ್ಲ. ಬಸ್ ಎಲ್ಲಿ ನಿಲ್ತದೋ, ನಾನು ಅಲ್ಲೇ."

ಹಾಗಾದರೆ ಬಸ್ಸು ಹೋದರೆ ಇವರೂ ಹೋಗ್ತಾರೆ... ಅಶ್ಮಿತಾ ಆ ಯೋಚನೆಯನ್ನು ಅಲ್ಲೇ ಬ್ರೇಕ್ ಹಾಕಿ ನಿಲ್ಲಿಸಿದಳು.

ಆ ವಾರ ಅವಳು "ಅಣ್ಣ" ಬಿಟ್ಟು ಬರೀ "ರೂಪೇಶ್" ಎಂದಳು. ನಮ್ಮ ಕಡೆ ಬಸ್ಸಿನವರು, ಮೀನಿನವರು, ಲೈನ್‌ಮ್ಯಾನ್ ಎಲ್ಲರೂ ಅಣ್ಣಂದಿರೇ. ಒಬ್ಬನ ಹೆಸರಿನಿಂದ ಅಣ್ಣ ಕಳಚಿತೆಂದರೆ ಅದು ಭೂಕಂಪಕ್ಕಿಂತ ದೊಡ್ಡ ಸುದ್ದಿ. ನೀರುದೋಸೆ ಹೊಯ್ಯುತ್ತಿದ್ದ ದೇಯಿಯ ಕೈ ಕಾವಲಿಯ ಮೇಲೆ ನಿಂತೇ ಹೋಯಿತು.

"ಅಣ್ಣ ಎಲ್ಲಿ ಹೋದ, ಮಗಾ?"

"ಯಾವ ಅಣ್ಣ?"

"ಅದೇ ಕೇಳಿದ್ದು."

ಆಗಲೇ ಬಂತು ನೋಡಿ. ಅಷ್ಟು ಕಾಲ ಎಲ್ಲಿ ಮಲಗಿತ್ತೋ ಆ ದೂರು! ಒಂದು ಬೆಳಿಗ್ಗೆ ಟ್ರಾಫಿಕ್‌ನವರು ಬಂದು ಬಸ್ಸಿನ ಗಾಜಿಗೆ ನೋಟಿಸ್ ಅಂಟಿಸಿದರು. "ವಸತಿ ಓಣಿಯಲ್ಲಿ ಹೆವಿ ವೆಹಿಕಲ್ ನಿಲ್ಲಿಸಬಾರದು. ಕಂಪ್ಲೇಂಟ್ ಉಂಟು. ಇವತ್ತೇ ತೆಗೀಬೇಕು," ಎಂದು ಮೊಬೈಲಿನಲ್ಲಿ ಫೋಟೋ ತೋರಿಸಿದರು.

ಫೋಟೋದಲ್ಲಿ ಮಾಲೆ, ಮಾವಿನೆಲೆ, ದಿಬ್ಬಣದ ಚೀಟಿ. ಅಂದು ಗೇಟಿನೆದುರು ಮೊಬೈಲ್ ಹಿಡಿದು ನಿಂತವಳು ಒಬ್ಬಳೇ.

ರೂಪೇಶ್ ನಿಧಾನವಾಗಿ ತಿರುಗಿದ. "ನೀವಾ?"

"ಹೌದು, ಆದರೆ ಅದು ಆ ದಿನ..."

"ದಿನಾ ಬೆಳಿಗ್ಗೆ ಹಿಂದೆ ನಿಂತು ಬರಲಿ ಬರಲಿ ಅಂದದ್ದು... ಬಸ್ ಬೇಗ ತೊಲಗಲಿ ಅಂತಲಾ?"

"ರೂಪೇಶ್, ಒಂದು ನಿಮಿಷ ಕೇಳಿ..."

ಅವನು ಕೇಳಲಿಲ್ಲ. ಆ ಬೆಳಿಗ್ಗೆ ಯಾರ ಸಹಾಯವೂ ಇಲ್ಲದೆ, ಐದು ಸಲ ಮುಂದೆ ಹಿಂದೆ ಮಾಡಿ, ಗೋಡೆಯ ಒಂದು ಕಲ್ಲು ಉದುರಿಸಿ ಹೊರಗೆ ಹೋದ. ಸಂಜೆ ಬಸ್ಸು ಬರಲಿಲ್ಲ. ಅವನೂ ಬರಲಿಲ್ಲ.

ಓಣಿ ಎಷ್ಟು ಅಗಲವಾಯಿತೆಂದರೆ ವಿಮಾನ ಇಳಿಸಬಹುದಿತ್ತು. ಕಸದ ಗಾಡಿ ಹಾಡುತ್ತಾ ಒಳಗೆ ಬಂತು. ಎಲ್ಲರಿಗೂ ಸುಖ. ಕುಂಡಗಳ ನಡುವೆ ಕುಳಿತ ಜಯಣ್ಣನಿಗೆ ಮಾತ್ರ ಜಗಳ ಆಡಲು ಜನವಿಲ್ಲ. ಅಶ್ಮಿತಾ ಬೆಳಿಗ್ಗೆ ಎದ್ದು ಗೇಟಿನ ತನಕ ಬರುತ್ತಿದ್ದಳು. ನಿಲ್ಲುತ್ತಿದ್ದಳು. ಒಳಗೆ ಹೋಗುತ್ತಿದ್ದಳು.

'ಕಂಪ್ಲೇಂಟ್ ಸುಳ್ಳಲ್ಲ... ಆದರೆ ಇದಕ್ಕಾ ನಾನು ಕೊಟ್ಟದ್ದು?' ಫೋನ್ ಮಾಡಿದರೆ ಅವನು ಎತ್ತಲಿಲ್ಲ.

ಗ್ಲ್ಯಾಡಿಸ್ ಬಾಯಮ್ಮನೇ ಬೇಲಿಯ ಮೇಲಿಂದ ಹೇಳಿದರು: "ಅಶ್ಮಿತಾ ಬಾಯಿ, ರೂಪೇಶ್ ಭಾನುವಾರ ಖಾಲಿ ಮಾಡ್ತಾನಂತೆ. ಬೈಕಂಪಾಡಿಯಲ್ಲಿ ರೂಮ್ ನೋಡಿದ್ದಾನೆ. ಒಳ್ಳೆ ಹುಡುಗ. ನೀನು ಎಂತ ಹೀಗೆ ಗುಮ್ಮ ನೋಡಿದವಳ ಹಾಗೆ?"

ಅಶ್ಮಿತಾ ಕಾರು ಹತ್ತಿದಳು. ಅವಳ ಹತ್ತಿರ ಡ್ರೈವಿಂಗ್ ಕಲಿಯುತ್ತಿದ್ದ ಹುಡುಗಿಯೊಬ್ಬಳ ಅಪ್ಪ, ಯಾಹ್ಯಾ ಬ್ಯಾರಿ, ಊರವರ ಬಾಯಲ್ಲಿ ಯಾಹ್ಯಾಕ, ಕೆರೆಯ ಆಚೆ ಮರದ ಡಿಪೋ ಇಟ್ಟಿದ್ದರು. ದೊಡ್ಡ ಗೇಟು, ಎತ್ತರದ ಗೋಡೆ, ಕಾವಲುಗಾರ.

"ಬಸ್ಸಾ? ಇಡಿ ಮಾರಾಯ್ತಿ, ಮರದ ಲೋಡ್ ಬರುವಾಗ ಬದಿಗೆ ತೆಗೆದರೆ ಸಾಕು," ಎಂದರು ಅವರು. "ಆದರೆ ಬಸ್ಸು ಯಾರದ್ದು?"

"ನಮ್ಮ... ನಮ್ಮ ಓಣಿಯವರದ್ದು."

ಭಾನುವಾರ ಬೆಳಿಗ್ಗೆ ಟೆಂಪೋ ಬಂತು. ರೂಪೇಶ್ ಮಂಚ ಹೊತ್ತು ಹೊರಬಂದಾಗ ಅಶ್ಮಿತಾ ಟೆಂಪೋದ ಹಿಂದೆಯೇ ನಿಂತಿದ್ದಳು. ರೇಷ್ಮೆ ಸೀರೆ ಇಲ್ಲ, ಮಲ್ಲಿಗೆ ಇಲ್ಲ. ಹಳೆಯ ಚೂಡಿದಾರ, ಎಣ್ಣೆ ಹಾಕದ ಕೂದಲು.

"ಕಂಪ್ಲೇಂಟ್ ವಾಪಸ್ ತೆಗೆದ್ರಾ?" ಅವನು ಮಂಚ ಇಳಿಸದೆ ಕೇಳಿದ.

"ಇಲ್ಲ. ತೆಗೆಯುವುದೂ ಇಲ್ಲ. ಸಿಟ್ಟಿನಲ್ಲಿ ಕೊಟ್ಟದ್ದು ಹೌದು. ಆದರೆ ಓಣಿಯಲ್ಲಿ ಬಸ್ ನಿಲ್ಲಿಸುವುದು ತಪ್ಪೇ. ನಾಳೆ ಬಾಯಮ್ಮನಿಗೆ ಏನಾದ್ರೂ ಆದ್ರೆ ಆಂಬುಲೆನ್ಸ್ ಎಲ್ಲಿಂದ ಬರುವುದು?"

"ಸರಿ." ಅವನು ನೆಲ ನೋಡಿದ. "ಹೇಳಿದ್ದು ಸರಿಯೇ. ಮತ್ತೆ ದಾರಿಗೆ ಅಡ್ಡ ಎಂತಕ್ಕೆ ನಿಂತದ್ದು?"

"ಕಂಪ್ಲೇಂಟ್ ಕೊಟ್ಟದ್ದನ್ನು ಮೊದಲೇ ಹೇಳದೆ ಇದ್ದದ್ದು ನನ್ನ ತಪ್ಪು. ದಿನಾ ಬೆಳಿಗ್ಗೆ ಹೇಳ್ಬಹುದಿತ್ತು. ಹೇಳಿದ್ರೆ ನೀವು ಹೋಗ್ತೀರಿ ಅಂತ ಹೆದರಿಕೆ ಆಯ್ತು." ಕೆರೆಯನ್ನೇ ಉಕ್ಕಿಸುವಷ್ಟು ಕಣ್ಣೀರು ಅವಳೊಳಗಿತ್ತು. ಹೊರಗೆ ಬಂದದ್ದು ಒಂದೇ ಹನಿ. "ಜಾಗ ಇಲ್ಲದ್ದು ಬಸ್ಸಿಗೆ. ನಿಮಗೆ ಇಲ್ಲ ಅಂತ ಯಾರು ಹೇಳಿದ್ರು?"

ಮಂಚ ಅವನ ತಲೆಯ ಮೇಲೇ ಉಳಿಯಿತು.

"ಯಾಹ್ಯಾಕನ ಡಿಪೋದಲ್ಲಿ ಮಾತಾಡಿದ್ದೇನೆ," ಎಂದಳು ಅವಳು. "ಗೇಟು ಉಂಟು, ಕಾವಲು ಉಂಟು. ಬ್ಯಾಟರಿ ಎಲ್ಲಿಗೂ ಹೋಗುವುದಿಲ್ಲ. ಕೆರೆ ದಾಟಿ ನಡೆದು ಬಂದ್ರೆ ಮನೆ."

"ನನಗೋಸ್ಕರ ಹೋಗಿ ಕೇಳಿದ್ರಾ?"

"ಮತ್ತೆ ಯಾಹ್ಯಾಕನಿಗೆ ಬಸ್ ಬೇಕು ಅಂತ ಕೇಳಿದ್ದಾ?"

ಎದುರು ಜಗಲಿಯಿಂದ ಜಯಣ್ಣ ಗುಡುಗಿದರು: "ಓಯ್! ಆ ಮಂಚ ಹತ್ತಿಸುವುದಾ, ಇಳಿಸುವುದಾ? ಓಣಿ ಪೂರ್ತಿ ಬ್ಲಾಕ್ ಆಗಿದೆ!"

"ಇಳಿಸುವುದು, ಪಪ್ಪ!" ಎಂದಳು ಅಶ್ಮಿತಾ, ಅವನು ಬಾಯಿ ತೆರೆಯುವ ಮೊದಲೇ.

"ಹಾಗಾದ್ರೆ ನನ್ನ ಗೋಡೆಯ ಕಲ್ಲು ಕೂಡ ಅವನೇ ಕಟ್ಟಿ ಕೊಡಲಿ," ಎಂದು ಜಯಣ್ಣ ಒಳಗೆ ಹೋದರು. ಒಳಗೆ ಹೋಗಿ ನಕ್ಕದ್ದನ್ನು ದೇಯಿ ಮಾತ್ರ ನೋಡಿದರು. ನಾನೂ ನೋಡಿದೆ, ಬಿಡಿ.

ರೂಪೇಶ್ ಮಂಚವನ್ನು ಕೋಣೆಯೊಳಗೆ ಕಿಟಕಿಯ ಬದಿಗೆ ಇಟ್ಟ. ಅಶ್ಮಿತಾ ಕಿಟಕಿಯ ಹೊರಗೆ ಸರಳು ಹಿಡಿದು ನಿಂತಳು.

"ಇಲ್ಲಿಂದ ಬಸ್ ಕಾಣುವುದಿಲ್ಲ," ಎಂದ ಅವನು. "ನಿದ್ರೆ ಬರ್ತದೋ ಇಲ್ವೋ."

"ಬಸ್ ಇಲ್ಲದಿದ್ರೆ ಎಂತ ಕಾಣ್ತದೆ?"

ಅವನು ಬಗ್ಗಿ ನೋಡಿದ. ಎದುರಿಗೆ ದಾಸವಾಳ, ತೆರೆದ ಗೇಟು, ಅವಳ ಮನೆಯ ಜಗಲಿ. ಇಷ್ಟು ದಿನ ತಾನೇ ಬಸ್ಸು ಅಡ್ಡ ನಿಲ್ಲಿಸಿ ಮುಚ್ಚಿಟ್ಟದ್ದು.

"ನಿಮ್ಮ ಮನೆ ಕಾಣ್ತದೆ," ಎಂದ.

"ಅಷ್ಟೇಯಾ?"

"ನೀವು ಅಲ್ಲಿ ಹೋಗಿ ನಿಂತ್ರೆ ನೀವೂ ಕಾಣ್ತೀರಿ."

"ಹೋಗ್ಲಾ?"

ಸರಳಿನ ಮೇಲಿದ್ದ ಅವಳ ಬೆರಳುಗಳ ಮೇಲೆ ಅವನು ಕೈ ಇಟ್ಟ.

"ಈಗ ಬೇಡ," ಎಂದ.