ಸಡಿಲ ಬಿಡದ ನಟ್ಟು

"ಈ ಸಲ ಎಷ್ಟು ದಿನಕ್ಕೆ ಕೆಡ್ತದೆ, ರಂಗಯ್ಯ?"

ಮಧುಗಿರಿಯ ಶಂಕರಲಿಂಗಪ್ಪನವರ ಅಕ್ಕಿ ಗಿರಣಿಯ ಎಂಜಿನ್ ಸರಿಮಾಡಿ ನಾನು ಕೈ ಒರೆಸಿಕೊಳ್ಳುವಾಗ, ಅವರ ಮಗಳು ದಾಕ್ಷಾಯಣಿ ಪ್ರತಿ ಸಲ ಇದನ್ನೇ ಕೇಳುತ್ತಿದ್ದಳು. ಮಜ್ಜಿಗೆ ಲೋಟ ಜಗುಲಿಯ ಮೇಲಿಟ್ಟು, ಬಾಗಿಲ ಚೌಕಟ್ಟಿಗೆ ಕೆನ್ನೆ ಆನಿಸಿ, ಒಂದೇ ಕಣ್ಣು ಕಾಣುವ ಹಾಗೆ ನಿಲ್ಲುತ್ತಿದ್ದಳು. ಆ ಒಂದು ಕಣ್ಣು ಸಾಕಿತ್ತು ನನಗೆ.

ಹದಿನೈದು ದಿನ ಎನ್ನುತ್ತಿದ್ದೆ. ಸರಿಯಾಗಿ ಹದಿನೈದನೇ ದಿನಕ್ಕೆ ಎಂಜಿನ್ ಕೆಮ್ಮುತ್ತಿತ್ತು. ಕೆಮ್ಮದೆ ಏನು ಮಾಡುತ್ತೆ? ಒಂದು ನಟ್ಟನ್ನು ಅರ್ಧ ಸುತ್ತು ಸಡಿಲ ಬಿಟ್ಟು ಬರುತ್ತಿದ್ದವನು ನಾನೇ. ಅವಳಿಗೂ ಅದು ಗೊತ್ತಿತ್ತು. ಎರಡು ವರ್ಷ ನಮ್ಮ ಪ್ರೀತಿ ನಡೆದದ್ದೆಲ್ಲ ಆ ಅರ್ಧ ಸುತ್ತಿನಲ್ಲಿ.

ನಾನು ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟರ ಮುಂದೆಯೇ ಸ್ಲೇಟು ಒಡೆದು ಹೊರಬಂದವನು. ಬಸ್ ಷೆಡ್ಡಿನಲ್ಲಿ ಬೈಸಿಕೊಂಡು, ತಿರುಗಿ ಬೈದು ರಿಪೇರಿ ಕಲಿತೆ. ಒಕ್ಕಲು ಮನೆಯವನು; ಅವರ ಜಗುಲಿ ದಾಟಿದವನಲ್ಲ. ಕುಡಿದ ಲೋಟ ನಾನೇ ತೊಳೆದು ಬೋರಲು ಹಾಕಿ ಬರಬೇಕು. ಅವರ ಎಂಜಿನ್ನಿನ ಹೊಟ್ಟೆಗೆ ಕೈ ಹಾಕಬಹುದು, ಹೊಸ್ತಿಲೊಳಗೆ ಕಾಲಿಡಬಾರದು. ಯಾವ ಸೀಮೆ ನ್ಯಾಯ ಇದು?

ಮೂವತ್ತೆಂಟನೇ ಇಸವಿಯಲ್ಲಿ ಅವಳಿಗೆ ಪಾವಗಡದ ಗಂಡು ಗೊತ್ತಾಯಿತು. ಚನ್ನಮಲ್ಲಯ್ಯ ಅಂತ, ಕಡಲೆಕಾಯಿ ವ್ಯಾಪಾರ. ಹಳ್ಳಿಗಳಿಗೆ ದಿನಾ ಓಡಾಡಲು ಅಳಿಯನಿಗೊಂದು ಕಾರು ಕೊಡುವುದೆಂದು ಮಾತಾಯಿತು. ಹೊಸದು ಕೊಳ್ಳಲು ಯಜಮಾನರಿಗೆ ಮನಸ್ಸು ಬರಲಿಲ್ಲ. ಎರಡು ಹಳೆ ಕಾರು ತರಿಸಿ, ಗಿರಣಿ ಅಂಗಳದಲ್ಲಿ ನಿಲ್ಲಿಸಿ, ಯಾವುದಾದೀತು ನೋಡು ಎಂದು ನನಗೇ ಹೇಳಿಕಳಿಸಿದರು. ಅವಳನ್ನು ಹೊತ್ತೊಯ್ಯುವ ಗಾಡಿಯನ್ನು ನಾನೇ ಆರಿಸಬೇಕು.

ಒಂದು ಹಸಿರು. ಹೊಸ ಬಣ್ಣ ಬಳಿಸಿಕೊಂಡು ಮದುಮಗನ ಹಾಗೆ ಮಿಂಚುತ್ತಿತ್ತು. ಇನ್ನೊಂದು ಕರಿದು. ಮೇಲಿನ ಹುಡ್ಡಿಗೆ ತೇಪೆ, ಮಡ್‌ಗಾರ್ಡು ಸೊಟ್ಟ, ಮೂತಿಗೆ ಹ್ಯಾಂಡಲ್ ಹಾಕಿ ತಿರುಗಿಸಿದರೆ ಮಾತ್ರ ಎಂಜಿನ್ ಏಳುವಂಥದ್ದು. ಎರಡನ್ನೂ ಕೊರಟಗೆರೆ ರಸ್ತೆಯಲ್ಲಿ ಓಡಿಸಿ ನೋಡಿದೆ. ಕರಿದು ಒಳಗೆ ಗಟ್ಟಿ. ಬ್ರೇಕ್ ಒತ್ತಿದಲ್ಲಿ ನಿಲ್ಲುತ್ತದೆ. ಹಸಿರಿನ ಸ್ಟೇರಿಂಗ್ ಕಾಲು ಸುತ್ತು ತಿರುಗಿಸಿದರೂ ಚಕ್ರಕ್ಕೆ ಸುದ್ದಿ ಮುಟ್ಟುವುದಿಲ್ಲ. ಒಳಗಿನ ಹಲ್ಲು ಸವೆದಿವೆ, ಬದಲಿ ಎಲ್ಲೂ ಸಿಗುವುದಿಲ್ಲ.

ವಾಪಸು ಬಂದಾಗ ಅವಳು ಬಾಗಿಲಲ್ಲಿದ್ದಳು. ಅಂದು ಎರಡೂ ಕಣ್ಣು ಕಾಣಿಸಿದವು.

"ಯಾವ್ದು ಜಾಸ್ತಿ ಕೆಡ್ತದೆ?"

"ಹಸಿರು, ಅಮ್ಮಾವ್ರೆ."

"ಹಂಗಾದ್ರೆ ಅದನ್ನೇ ಹೇಳು. ಪಾವಗಡದಲ್ಲಿ ರಿಪೇರಿಯೋರು ಇಲ್ವಂತೆ. ಕೆಟ್ಟಾಗೆಲ್ಲ ನೀನೇ ಬರ್ಬೇಕಾಗ್ತದೆ."

ತುಟಿಯಲ್ಲಿ ನಗುವಿತ್ತು, ಬೆರಳು ಮಾತ್ರ ಸೆರಗಿನ ತುದಿಯನ್ನು ಹಿಂಡುತ್ತಿತ್ತು. ಸ್ಟೇರಿಂಗಿನ ವಿಚಾರ ನಾನು ಹೇಳಲಿಲ್ಲ. ನನಗೂ ಬೇರೇನು ಬೇಕಿತ್ತು?

ನಾನು ಬಾಯಿಬಿಡುವ ಕೆಲಸವೂ ಉಳಿಯಲಿಲ್ಲ. ಯಜಮಾನರು ಯಾವ ದೊಡ್ಡ ಕೆಲಸಕ್ಕೂ ವೀರಭದ್ರ ದೇವರಲ್ಲಿ ಹೂ ಕೇಳುವವರು. ಅರ್ಚಕ ನಾಗಲಿಂಗಯ್ಯನವರು ದೇವರ ಎರಡು ಹೆಗಲಿಗೂ ನೆನೆದ ಹೂ ಅಂಟಿಸಿದರು. ಬಲದ್ದು ಬಿದ್ದರೆ ಹಸಿರು, ಎಡದ್ದು ಬಿದ್ದರೆ ಕರಿದು. ಬಲದ್ದೇ ಬಿತ್ತು. ಹುಟ್ಟಿದ ಮೇಲೆ ಮೊದಲ ಸಲ ದೇವರು ನನ್ನ ಕಡೆ ನಿಂತಿದ್ದ. ನಾನು ಸುಮ್ಮನಿದ್ದರೆ ಸಾಕಿತ್ತು.

ಯಜಮಾನರು ಹೂವನ್ನು ಕಣ್ಣಿಗೊತ್ತಿಕೊಂಡು ಬಂದು ಹಸಿರು ಕಾರಿನ ಬಾನೆಟ್ ಮೇಲಿಟ್ಟರು. ಮಗಳನ್ನು ಕರೆದು ಕೂತು ನೋಡು ಎಂದರು. ಅವಳು ಹಿಂದಿನ ಸೀಟಿನಲ್ಲಿ ಕೂತು, ಕಿಟಕಿಯಿಂದ ನನಗೆ ಹುಬ್ಬು ಹಾರಿಸಿದಳು, ಗೆದ್ದೆವು ಅನ್ನುವ ಹಾಗೆ. ನನಗೆ ಕಂಡದ್ದು ಪಾವಗಡದ ದಾರಿಯ ಮಿಡಿಗೇಶಿ ಬೆಟ್ಟದ ಬುಡದ ತಿರುವು. ತಿರುಗದ ಚಕ್ರ. ಅದೇ ಕಿಟಕಿ.

"ಇದು ಬ್ಯಾಡಿ ಸ್ವಾಮಿ" ಅಂದುಬಿಟ್ಟೆ.

"ದೇವ್ರೇ ಕೊಟ್ಟ ಮ್ಯಾಲೆ ನಿಂದೇನ್ಲಾ?"

"ದೇವ್ರು ಓಡ್ಸಿ ನೋಡಿಲ್ಲ. ನಾನು ನೋಡಿವ್ನಿ."

ಅವರು ಎತ್ತಿದ ಕೈ ಬೀಳುವ ಮೊದಲೇ ಸ್ಟೇರಿಂಗ್ ಹಿಡಿದು ಅಲ್ಲಾಡಿಸಿದೆ. ಚಕ್ರ ಕಲ್ಲಿನ ಹಾಗೆ ನಿಂತಿತ್ತು. ಎತ್ತಿದ ಕೈ ಹಾಗೇ ಇಳಿಯಿತು. ದೇವರಿಗೆ ತಪ್ಪುಕಾಣಿಕೆ ಕಟ್ಟಿಟ್ಟು ಕರಿ ಕಾರನ್ನೇ ತೆಗೆದುಕೊಂಡರು. ದಾಕ್ಷಾಯಣಿ ಇಳಿದು ನನ್ನ ಮುಖ ನೋಡದೆ ಒಳಗೆ ಹೋದಳು. ಮದುವೆಯವರೆಗೂ ಬಾಗಿಲಿಗೆ ಬರಲಿಲ್ಲ.

ಅಷ್ಟೂ ದಿನ ಆ ಕರಿ ಕಾರನ್ನು ಬಿಚ್ಚಿ ಜೋಡಿಸಿದೆ. ಅವಳಪ್ಪನನ್ನು, ಪಾವಗಡವನ್ನು, ಅವರ ಜಾತಿಯನ್ನು, ನನ್ನ ಜಾತಿಯನ್ನು, ನನ್ನ ಹಾಳು ಬಾಯಿಯನ್ನು ಬೈಯುತ್ತ ಒಂದೊಂದೇ ನಟ್ಟು ಬಿಗಿದೆ.

ಹೊರಡುವ ದಿನ ಹ್ಯಾಂಡಲ್ ತಿರುಗಿಸಲು ನನ್ನನ್ನೇ ಕರೆದರು. ಚನ್ನಮಲ್ಲಯ್ಯ ಒಳ್ಳೆಯ ಮನುಷ್ಯ. ಅಣ್ಣ ಎಂದು ಮಾತಾಡಿಸಿದ, ಬೈಯಲು ಒಂದು ಕಾರಣವನ್ನೂ ಕೊಡಲಿಲ್ಲ. ಅವನು ಮಾವನ ಕಾಲು ಮುಟ್ಟಲು ಹೋದಾಗ ಅವಳು ಕಾರಿನಲ್ಲಿ ಒಬ್ಬಳೇ ಕೂತಿದ್ದಳು. ಬಾಸಿಂಗದ ದಾರ ಉಜ್ಜಿದ ಗುರುತು ಹಣೆಯಲ್ಲಿ ಇನ್ನೂ ಕೆಂಪಗಿತ್ತು.

"ಈ ಸಲ ಎಷ್ಟು ದಿನಕ್ಕೆ ಕೆಡ್ತದೆ, ರಂಗಯ್ಯ?"

ಎರಡು ವರ್ಷ ಅಮ್ಮಾವ್ರೆ ಅನ್ನುತ್ತಿದ್ದ ನಾಲಿಗೆ ಅಂದು ಆ ಮಾತನ್ನು ನುಂಗಿತು.

"ಕೆಡಲ್ಲ. ನೀನು ಕೂತಿರ್ತೀಯಲ್ಲ."

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಮುಂದೆ ಹೋಗಿ ಹ್ಯಾಂಡಲ್ ಹಾಕಿದೆ. ಹಾಳಾದ್ದು, ಒಂದೇ ಸುತ್ತಿಗೆ ಎದ್ದಿತು.

ಎರಡು ವರ್ಷವಾಯಿತು. ಸಿರಾದಿಂದ, ಕೊಳಾಲದಿಂದ, ಎಲ್ಲೆಲ್ಲಿಂದಲೋ ಕೆಟ್ಟ ಗಾಡಿಗಳು ನನ್ನ ಷೆಡ್ಡಿಗೆ ಬರುತ್ತವೆ. ಅದೊಂದು ಬರುವುದಿಲ್ಲ. ಪಾವಗಡದ ಬಸ್ಸಿನವರನ್ನು ಕೇಳಿದರೆ, ಆ ಕಾರಿಗೇನು, ದಿನಾ ಓಡ್ತದೆ ಅನ್ನುತ್ತಾರೆ. ಮುರಿದು ಬೀಳಲಿ ಎಂದು ಬೈಯಲು ಬಾಯಿ ತೆರೆಯುತ್ತೇನೆ. ಅವಳು ಕೂತಿರುತ್ತಾಳಲ್ಲ ಎಂದು ಮುಚ್ಚುತ್ತೇನೆ.